ಜಪಾನಿನ ಶಾಲೆಯಲ್ಲಿ ಕಸ ಗುಡಿಸುವವರಿಲ್ಲ

ಬೆಂಗೇರಿಯ ನಮ್ಮ ಶಾಲೆಯವರು ಈಗ ಹೇಳುವ ಕಥೆ ಹೀಗಿದೆ. ಅಲ್ಲೇ ಕಲಿತ ಒಬ್ಬ ಹುಡುಗಿ ಧಾರವಾಡಕ್ಕೆ ಹೋಗಿ ಜಪಾನಿನ ಶಿಕ್ಷಣದ ಮೇಲೆ ಸಂಶೋಧನೆ ಮಾಡಿದಳು. ತಿರುಗಿ ಬಂದು ಜಪಾನಿನ ಪದ್ಧತಿ ಹೇಳಿಕೊಟ್ಟಳು. ಅಂದಿನಿಂದ ಮಕ್ಕಳು ತಮ್ಮ ಶಾಲೆಯನ್ನು ತಾವೇ ಗುಡಿಸುತ್ತಾರೆ. ಇಪ್ಪತ್ತೆರಡು ವರ್ಷ ದುಡಿದ ಮೌಶಿ ಶಾಲು ಹೊದ್ದು, ಸಂತೋಷದಿಂದ ನಿವೃತ್ತಳಾದಳು.

ಆ ಹುಡುಗಿ ನಾನು. ಈ ಕಥೆಯ ಒಂದೊಂದು ವಾಕ್ಯಕ್ಕೂ ನನ್ನ ತಕರಾರಿದೆ. ನಾನು ಸಂಶೋಧನೆ ಮಾಡಿ ಬಂದು ಹೇಳಲಿಲ್ಲ. ಮೊದಲು ಹೇಳಿದೆ, ಆಮೇಲೆ ಸಂಶೋಧನೆ ಮಾಡಿದೆ. ಮಕ್ಕಳು ಗುಡಿಸಿದ್ದು ಹದಿನೈದು ದಿನ, ಅದೂ ಸರಿಯಾಗಿ ಲೆಕ್ಕ ಹಿಡಿದರೆ ಕಡಿಮೆಯೇ. ಮೌಶಿ ನಿವೃತ್ತಳಾಗಲಿಲ್ಲ, ಅವಳನ್ನು ತೆಗೆದರು. ಶಾಲು ಹೊದಿಸಿದ್ದು ಮಾತ್ರ ಖರೇ. ಹೊದಿಸಿದವಳು ನಾನೇ ಆದ್ದರಿಂದ ಆ ಒಂದು ಮಾತಿಗೆ ಸಾಕ್ಷಿ ಹೇಳಬಲ್ಲೆ.

ಮೌಶಿ ಅಂದರೆ ನಮ್ಮ ಕಡೆ ಚಿಕ್ಕಮ್ಮ. ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ಕಸ ಹೊಡೆದು ನೀರು ತುಂಬುವ ಹೆಂಗಸಿಗೂ ಅದೇ ಹೆಸರು. ಒಬ್ಬರನ್ನು ಚಿಕ್ಕಮ್ಮ ಅಂತ ಕರೆದುಬಿಟ್ಟರೆ ಅವರ ಸ್ವಂತ ಹೆಸರು ಏನು ಅಂತ ಕೇಳುವ ಅಗತ್ಯ ಬೀಳುವುದಿಲ್ಲ. ಹತ್ತು ವರ್ಷ ಆ ಶಾಲೆಯಲ್ಲಿ ಕಲಿತ ನನಗೆ ನಮ್ಮ ಮೌಶಿಯ ಹೆಸರು ಗೊತ್ತಾದದ್ದು ಶಾಲಿನ ಜೊತೆ ಕೊಟ್ಟ ಮಾನಪತ್ರ ಓದುವಾಗ.

ಆದರೆ ನಾನು ಮಾತು ಕಲಿತದ್ದು ಅವಳೆದುರು. ಎಂಟನೇ ಇಯತ್ತೆಯಲ್ಲಿ ನನ್ನನ್ನು ಚರ್ಚಾಸ್ಪರ್ಧೆಗೆ ಆರಿಸಿದರು. ಅಪ್ಪ ತಾರಿಹಾಳದ ಒಂದು ವರ್ಕ್‌ಶಾಪಿನಲ್ಲಿ ಲೇಥ್ ಮಷಿನ್ ನಡೆಸುತ್ತಿದ್ದ. ಅವನ ಪಾಳಿ ಮುಗಿದು ಬಂದು ಕರೆದುಕೊಂಡು ಹೋಗುವತನಕ ನಾನು ಶಾಲೆಯಲ್ಲೇ ಕೂರಬೇಕಿತ್ತು. ಮೌಶಿ ಖೋಲಿ ಖೋಲಿ ಗುಡಿಸುತ್ತ ಬರುತ್ತಿದ್ದಳು, ನಾನು ಅವಳ ಹಿಂದೆ ಭಾಷಣ ಹೇಳುತ್ತ ಹೋಗುತ್ತಿದ್ದೆ. ಕೊನೆಯ ಬೆಂಚಿನ ಹತ್ತಿರ ಹೋಗಿ ಕಸಬರಿಗೆ ಊರಿ ನಿಂತು ಕೇಳುತ್ತಿದ್ದಳು.

"ಹಿಂದಿನ ತನಕ ಕೇಳವಲ್ದು."

"ಜೋರ್ ಹೇಳಲೇನ ಮೌಶಿ?"

"ಒದರಬ್ಯಾಡ. ಬಿಡಿಸಿ ಹೇಳು. ಮತ್ತ ಒಂದ್ ಚಲೋ ಮಾತ್ ಹೊಡದ ಮ್ಯಾಲ ಸುಮ್ನ ನಿಂದ್ರು. ಮಂದಿಗೆ ನುಂಗಾಕ ಟೈಮ್ ಬೇಕು."

ಈ ಎರಡು ಸೂತ್ರಗಳ ಮೇಲೆ ನಾನು ಮುಂದೆ ಎಷ್ಟೋ ಢಾಲು ಗೆದ್ದೆ. ಹೇಳಿದ್ದು ಖರೇ ಐತೇನು ಅಂತ ಅವಳು ಯಾವತ್ತೂ ಕೇಳಲಿಲ್ಲ. ಅವಳನ್ನು ದೂರಲಾರೆ. ಒಬ್ಬ ನಿರ್ಣಾಯಕನೂ ಕೇಳಿದ್ದಿಲ್ಲ.

ಚರ್ಚಾಸ್ಪರ್ಧೆಯ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಪರವೋ ವಿರೋಧವೋ ಅನ್ನುವುದನ್ನು ನಾವು ಆರಿಸಿಕೊಳ್ಳುವುದಿಲ್ಲ, ಚೀಟಿ ಆರಿಸುತ್ತದೆ. ಖಡುವಿನ, ಅಂದರೆ ಸೀಮೆಸುಣ್ಣದ, ಡಬ್ಬಿಯೊಳಗೆ ಮಡಿಚಿದ ಚೀಟಿ ಹಾಕಿ ಕುಲುಕುತ್ತಾರೆ. ಕೈಗೆ ಬಂದದ್ದೇ ನಂಬಿಕೆ. ಮಾತೃಭಾಷೆಯಲ್ಲೇ ಕಲಿಸಬೇಕು ಅಂತ ಒಂದು ಸೋಮವಾರ ಗದಗಿನಲ್ಲಿ ಗೆದ್ದವಳು, ಕಲಿಸಬಾರದು ಅಂತ ಅದೇ ವಾರದ ಶನಿವಾರ ಧಾರವಾಡದಲ್ಲಿ ಗೆದ್ದಿದ್ದೇನೆ. ಎರಡೂ ಕಡೆ ನನ್ನ ಕಣ್ಣಲ್ಲಿ ನೀರಿತ್ತು ಅಂತ ನೋಡಿದವರು ಹೇಳುತ್ತಾರೆ. ಇದನ್ನು ಎಲ್ಲರೂ ಬುದ್ಧಿಶಕ್ತಿ ಅಂದರು. ನಾನೂ ಹಾಗೇ ಅಂದುಕೊಂಡಿದ್ದೆ.

ನಾನು ಧಾರವಾಡದಲ್ಲಿ ಎಂ.ಎ. ಮೊದಲ ವರ್ಷದಲ್ಲಿದ್ದಾಗ ಶಾಲೆಯವರು ಹಳೆಯ ವಿದ್ಯಾರ್ಥಿಗಳ ಕೂಟ ಇಟ್ಟುಕೊಂಡರು. ಅದರಲ್ಲಿ ಒಂದು ಚರ್ಚೆ: 'ಶಾಲೆಯ ಶುಚಿತ್ವ ವಿದ್ಯಾರ್ಥಿಗಳದೇ ಹೊಣೆ.' ತಯಾರಿಗೆ ಸಮಯ ಸಿಗಲಿ ಅಂತ ಚೀಟಿಯನ್ನು ಒಂದು ವಾರ ಮೊದಲೇ ಎತ್ತಿಸಿದರು. ಡಬ್ಬಿ ಹಿಡಿದು ನಿಂತವರು ಮುಖ್ಯೋಪಾಧ್ಯಾಯಿನಿ. ಅವರನ್ನು ನಾವು ದೊಡ್ಡಕ್ಕೋರು ಅನ್ನುತ್ತೇವೆ. ನನಗೆ ಬಂದದ್ದು 'ಪರ'.

ಈ ವಿಷಯಕ್ಕೆ ಪರವಾಗಿ ಮಾತಾಡುವವರಿಗೆ ಜಪಾನು ಹುಡುಕಬೇಕಾಗಿಯೇ ಇಲ್ಲ; ಅದು ತಾನಾಗಿ ಬರುತ್ತದೆ. ಎಲ್ಲರ ಮೊಬೈಲಿನಲ್ಲೂ ಆ ವಿಡಿಯೋ ಇದೆ. ಜಪಾನಿನ ಪುಟ್ಟ ಮಕ್ಕಳು ತಲೆಗೆ ಬಟ್ಟೆ ಕಟ್ಟಿಕೊಂಡು, ಒದ್ದೆ ಅರಿವೆಯ ಮೇಲೆ ಅಂಗೈ ಊರಿ, ಉದ್ದನೆಯ ಪಡಸಾಲೆಯ ತುಂಬ ಒಂದೇ ಸಾಲಾಗಿ ಓಡುತ್ತಾರೆ. ಕೆಳಗೆ ಬರೆದಿರುತ್ತಾರೆ: ಇಂಥ ಮಕ್ಕಳು ನಮ್ಮ ದೇಶದಲ್ಲಿ ಯಾವಾಗ?

ಅಪ್ಪನಿಗೆ ಅದನ್ನು ತೋರಿಸಿದೆ. ಅವನು ಊಟ ಮಾಡುತ್ತಲೇ ನೋಡಿದ.

"ಜಪಾನ್ ನಮ್ಮ ವರ್ಕ್‌ಶಾಪಿಗೂ ಬರ್ತೈತಿ, ಆಡಿಟ್ ಇದ್ದ ದಿವಸ" ಅಂದ. "ಜಪಾನ್ ಪದ್ಧತಿ ಅಂತ ನೆಲಕ್ಕ ಹಳದಿ ಗೆರಿ ಹೊಡದಾರ. ಗೆರಿ ಒಳಗ ಟ್ರಾಲಿ, ಗೆರಿ ಹೊರಗ ಮನಶ್ಯಾ. ನಟ್ಟು ತಿರುವೂ ಪಾನಾ ನೇತ ಹಾಕೂ ಜಾಗಾದಾಗ ಪಾನಾದ ಚಿತ್ರ ಬರದಾರ. ಆಡಿಟ್‌ನವರು ಬಂದಾಗ ಪಾನಾ ಅಲ್ಲೇ ಇರ್ತೈತಿ. ಹ್ವಾದ ಮ್ಯಾಲ ಚಿತ್ರ ಅಷ್ಟ ಇರ್ತೈತಿ."

"ಅದು ನಿಮ್ಮ ತಪ್ಪು, ಜಪಾನಿನ ತಪ್ಪಲ್ಲ."

"ನಾ ಎಲ್ಲಿ ಜಪಾನಿಗೆ ಬೈದ್ನಿ? ಅವರ ಊರಾಗ ಪಾನಾ ಎಲ್ಲಿರ್ತೈತಿ ನಾ ನೋಡಿಲ್ಲ. ನೀನೂ ನೋಡಿಲ್ಲ."

ಇದು ಒಳ್ಳೆಯ ವಾದ. ಆದರೆ ವಿರೋಧದವರ ವಾದ. ನನಗೆ ಬಂದ ಚೀಟಿ ಬೇರೆ. ಹಾಗಾಗಿ ಅದನ್ನು ಅಲ್ಲೇ ಬಿಟ್ಟೆ.

ಸ್ಪರ್ಧೆಯಲ್ಲಿ ತೋರಿಸಲು ಒಂದು ದೊಡ್ಡ ಚಿತ್ರ ಬೇಕು ಅನ್ನಿಸಿತು. ಅಂತರ್ಜಾಲದಲ್ಲಿ ಒಂದು ಫೋಟೋ ಸಿಕ್ಕಿತು. ಹೊಳೆಯುವ ಕಟ್ಟಿಗೆಯ ಪಡಸಾಲೆ, ಏಳೆಂಟು ಮಕ್ಕಳು, ಅದೇ ಒದ್ದೆ ಅರಿವೆ. ಬಲತುದಿಯಲ್ಲಿ ಬೂದುಬಣ್ಣದ ಕೆಲಸದ ಅಂಗಿ ತೊಟ್ಟ ಒಬ್ಬ ಮುದುಕ, ಕೈಯಲ್ಲಿ ಬಕೀಟು. ಮಕ್ಕಳನ್ನು ನೋಡುತ್ತಿರಲಿಲ್ಲ, ತನ್ನ ಕೆಲಸದಲ್ಲಿದ್ದ. ಅದನ್ನು ಬೆಂಗೇರಿಯ ಫ್ಲೆಕ್ಸ್ ಅಂಗಡಿಗೆ ಒಯ್ದೆ. ಅಂಗಡಿಯವನು ಕಂಪ್ಯೂಟರಿನಲ್ಲಿ ಚಿತ್ರ ಹಿಗ್ಗಿಸಿ ಕೇಳಿದ.

"ಈ ಅಜ್ಜನ್ನ ಇಡ್ಲೇನ್ರಿ ಅಕ್ಕಾ?"

"ಬ್ಯಾಡ. ತಗೀರಿ."

"ಅಂವನೂ ಚಲೋ ಕಾಣಾಕತ್ತಾನಲ್ರಿ."

"ಮಕ್ಕಳಷ್ಟ ಸಾಕು."

ಎರಡು ಕ್ಷಣದ ಕೆಲಸ. ಅವನು ಮೌಸ್ ಎಳೆದ, ಮುದುಕ ಹೋದ. ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿ ಏನಿತ್ತು ಅನ್ನುವುದನ್ನು ಈಗ ಶಪಥ ಮಾಡಿ ಹೇಳಲಾರೆ. ಚಿತ್ರ ಅಂದವಾಗಲಿ ಅಂತಿತ್ತು ಅಂದರೆ ಅರ್ಧ ಖರೇ. ಎದುರಾಳಿಗೆ ಒಂದು ವಾದವನ್ನು ಕೈಯಾರೆ ಕೊಡಬಾರದು ಅನ್ನುವುದು ನಮ್ಮ ಮೊದಲ ಪಾಠ. ಆ ಪಾಠ ಬೆರಳಿಗೆ ಹತ್ತಿಬಿಟ್ಟಿರುತ್ತದೆ, ತಲೆಯವರೆಗೆ ಬರಬೇಕಾಗಿಲ್ಲ.

ಸ್ಪರ್ಧೆಯ ದಿನ ಸಮಯಪಾಲಕಿ ಮೌಶಿ. ಶಾಲೆಯ ಗಂಟೆ ಅವಳದೇ ಆದ್ದರಿಂದ ಎಲ್ಲ ಸ್ಪರ್ಧೆಗೂ ಅವಳೇ. ನಾಲ್ಕು ನಿಮಿಷಕ್ಕೆ ಒಂದು ಗಂಟೆ, ಐದಕ್ಕೆ ಎರಡು. ಪಕ್ಕದಲ್ಲಿ ಒಬ್ಬ ಶಿಕ್ಷಕಿ ಗಡಿಯಾರ ನೋಡಿ ಕಣ್ಸನ್ನೆ ಮಾಡುತ್ತಿದ್ದರು, ಮೌಶಿ ಹೊಡೆಯುತ್ತಿದ್ದಳು. ನಾಲ್ಕು ನಿಮಿಷದ ಗಂಟೆ ಆದಮೇಲೆ ನಾನು ಫ್ಲೆಕ್ಸ್ ಬಿಡಿಸಿದೆ. ಹೇಳಿದೆ:

"ಜಪಾನಿನ ಶಾಲೆಯಲ್ಲಿ ಕಸ ಗುಡಿಸುವವರಿಲ್ಲ. ಯಾಕೆಂದರೆ ಅಲ್ಲಿ ಕಸವನ್ನು ಕೀಳು ಅಂದುಕೊಳ್ಳುವವರೇ ಇಲ್ಲ."

ಆಮೇಲೆ ಸುಮ್ಮನೆ ನಿಂತೆ. ನುಂಗಲಿಕ್ಕೆ ಸಮಯ ಕೊಟ್ಟೆ. ಚಪ್ಪಾಳೆ ಹಿಂದಿನಿಂದ ಎದ್ದು ಮುಂದಕ್ಕೆ ಬಂತು.

ಬಹುಮಾನ ತೆಗೆದುಕೊಂಡು ಇಳಿಯುವಾಗ ಮೌಶಿ ಗಂಟೆಯ ಕಟ್ಟಿಗೆಯನ್ನು ಸೆರಗಿನಲ್ಲಿ ಒರೆಸುತ್ತಿದ್ದಳು. "ಇವತ್ತ ಹಿಂದಿನ ತನಕ ಕೇಳ್ತು" ಅಂದಳು. ಅದು ಅವಳ ಬಾಯಿಂದ ಬರುವ ಅತಿ ದೊಡ್ಡ ಮೆಚ್ಚುಗೆ. ನಾನು ಅದನ್ನು ಮೆಚ್ಚುಗೆ ಅಂತಲೇ ತೆಗೆದುಕೊಂಡೆ. ಈಗಲೂ ಮೆಚ್ಚುಗೆಯೇ ಇರಬೇಕು ಅಂದುಕೊಳ್ಳುತ್ತೇನೆ.

ಮುಂದಿನ ಜೂನಿನಲ್ಲಿ ದೊಡ್ಡಕ್ಕೋರ ಫೋನ್ ಬಂತು. ಆಡಳಿತ ಮಂಡಳಿ ನಿನ್ನ ಮಾತನ್ನು ಬಹಳ ಮೆಚ್ಚಿಕೊಂಡದ, ಈ ವರ್ಷದಿಂದ ಜಪಾನ್ ಪದ್ಧತಿ ಸುರು ಮಾಡಾಕತ್ತೇವಿ, ಉದ್ಘಾಟನೆಗೆ ನೀನೇ ಬರಬೇಕು ಅಂದರು. ಹೋದೆ. ಸ್ಪರ್ಧೆಯ ದಿನ ಅಲ್ಲೇ ಬಿಟ್ಟಿದ್ದ ನನ್ನ ಫ್ಲೆಕ್ಸನ್ನು ಒಂದು ವಾರ ಮೊದಲೇ ನೀರಿನ ಟಾಕಿಯ ಪಕ್ಕದ ಗೋಡೆಗೆ ಹಚ್ಚಿದ್ದರು. ಅದೇ ವೇದಿಕೆಯ ಮೇಲೆ ಮೌಶಿಯ ಸತ್ಕಾರವೂ ಇತ್ತು. ಶಾಲು ನನ್ನ ಕೈಗೆ ಕೊಟ್ಟರು. ನಾನು ಹೊದಿಸುವಾಗ ಅವಳು ತಲೆ ಬಗ್ಗಿಸಿ, ನನಗೊಬ್ಬಳಿಗೇ ಕೇಳುವ ಹಾಗೆ ಕೇಳಿದಳು.

"ನಾಳಿಂದ ಗಂಟಿ ಯಾರ್ ಹೊಡೀತಾರ ತಂಗಿ?"

ಅವಳಿಗೆ ಬೇಸರವಾಗಿದೆ, ವಯಸ್ಸಾದವರಿಗೆ ಕೆಲಸ ಬಿಡುವಾಗ ಹಾಗಾಗುತ್ತದೆ ಅಂತ ನಾನೇ ನನಗೆ ಹೇಳಿಕೊಂಡೆ. ಅವಳಿಗೆ ವಯಸ್ಸೆಷ್ಟು ಅಂತ ಕೇಳಲಿಲ್ಲ. ಆ ಶಾಲೆಯಲ್ಲಿ ನಿವೃತ್ತಿ ಅನ್ನುವ ಪದ್ಧತಿ ಇದೆಯೇ ಅಂತಲೂ ಕೇಳಲಿಲ್ಲ. ಎದುರಾಳಿಯ ಬಾಯಿಂದ ಬಂದದ್ದಾಗಿದ್ದರೆ ಈ ಎರಡೂ ಪ್ರಶ್ನೆ ನನ್ನ ನಾಲಿಗೆ ತುದಿಯಲ್ಲಿರುತ್ತಿದ್ದವು. ಹೊಗಳುವವರನ್ನು ಅಡ್ಡಪ್ರಶ್ನೆ ಕೇಳುವ ಅಭ್ಯಾಸ ನನಗೆ ಯಾರೂ ಮಾಡಿಸಿರಲಿಲ್ಲ.

ಗಂಟೆಯ ಜಾಗದಲ್ಲಿ ಕರೆಂಟಿನ ಗಂಟೆ ಕೂರಿಸಿದ್ದರು.

ಎರಡನೆಯ ವರ್ಷ ಕಿರುಪ್ರಬಂಧ ಬರೆಯಬೇಕಿತ್ತು. ಜಪಾನಿನ ಶಾಲೆಗಳಲ್ಲಿ ಮಕ್ಕಳ ಗುಡಿಸುವಿಕೆಯ ಇತಿಹಾಸ ಅಂತ ವಿಷಯ ಕೊಟ್ಟೆ. ಗೆದ್ದ ಭಾಷಣವನ್ನೇ ಹಿಗ್ಗಿಸಿದರಾಯಿತು ಅನ್ನುವ ಧೈರ್ಯ. ನಮ್ಮ ಮಾರ್ಗದರ್ಶಕರು ಮೊದಲ ಅಧ್ಯಾಯ ಓದಿ, ಕನ್ನಡಕ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟರು. ಹೊರಗೆ ಬೇವಿನ ಮರದ ಕೆಳಗೆ ಹುಡುಗರು ಸ್ಪರ್ಧಾತ್ಮಕ ಪರೀಕ್ಷೆಯ ಪ್ರಶ್ನೆಗಳನ್ನು ಒಬ್ಬರಿಗೊಬ್ಬರು ಕೇಳಿಕೊಳ್ಳುತ್ತಿದ್ದರು. ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರ, ಅದರಲ್ಲಿ ಒಂದು ಸರಿ.

"ಇದು ಭಾಷಣ ಅದ" ಅಂದರು ಸರ್. "ಪ್ರಬಂಧ ಎಲ್ಲದ?"

"ಅದ ಸರ್, ಪ್ರಬಂಧ."

"ಹಂಗಾದ್ರ ಇಲ್ಲಿ ನೋಡು. 'ಜಪಾನಿನ ಶಾಲೆಯಲ್ಲಿ ಕಸ ಗುಡಿಸುವವರಿಲ್ಲ.' ಇದಕ್ಕ ಮೂಲ ಯಾವುದು?"

"ಎಲ್ಲಾರಿಗೂ ಗೊತ್ತಿದ್ದದ್ದು ಸರ್."

"ಎಲ್ಲಾರು ಅಂದ್ರ ಯಾರು? ಅವರ ಪುಟಸಂಖ್ಯೆ ಎಷ್ಟು?"

ಮೂಲ ಹುಡುಕಲು ಕೂತೆ. ಕನ್ನಡದಲ್ಲಿ ಆ ವಾಕ್ಯ ಎಲ್ಲೆಲ್ಲಿದೆ ಅಂತ ನೋಡುತ್ತ ಹೋದರೆ ಮೂರನೆಯ ದಿನ ಒಂದು ಸ್ಥಳೀಯ ಪತ್ರಿಕೆಯ ವರದಿ ಸಿಕ್ಕಿತು. ಬೆಂಗೇರಿಯ ಒಂದು ಶಾಲೆಯಲ್ಲಿ ಜಪಾನ್ ಪದ್ಧತಿ ಉದ್ಘಾಟನೆ. 'ಜಪಾನಿನ ಶಾಲೆಯಲ್ಲಿ ಕಸ ಗುಡಿಸುವವರಿಲ್ಲ ಎಂದು ಸಂಶೋಧಕಿ ಅಭಿಪ್ರಾಯಪಟ್ಟರು.' ನನ್ನ ಮೂಲ ನಾನೇ.

ನಗು ಬರಲಿಲ್ಲ. ಸರ್‌ಗೆ ಹೇಳಿದಾಗ ಅವರಿಗೂ ಬರಲಿಲ್ಲ. "ಈಗ ಸುರು ಮಾಡು" ಅಂದರು ಅಷ್ಟೇ.

ಸುರು ಮಾಡಿದೆ. ನನಗೆ ಜಪಾನಿ ಭಾಷೆ ಬಾರದು. ಇಂಗ್ಲಿಷಿಗೆ ಬಂದದ್ದನ್ನು ಓದಿದೆ. ಗುಡಿಸುವುದೂ ಸಾಧನೆಯೇ ಅನ್ನುವ ಬೌದ್ಧ ಮಠಗಳ ನಂಬಿಕೆ ಶಾಲೆಗೆ ಬಂತು ಅನ್ನುವವರಿದ್ದಾರೆ. ಶಾಲೆಗಳಿಗೆ ಆಳು ಇಡುವ ಶಕ್ತಿ ಇರಲಿಲ್ಲ, ಅದಕ್ಕೆ ಮಕ್ಕಳ ಕೈಗೆ ಬಂತು, ಆಮೇಲೆ ಅದಕ್ಕೆ ನೀತಿಯ ಬಣ್ಣ ಹಚ್ಚಿದರು ಅನ್ನುವ ವಾದವನ್ನೂ ಎದುರಿಟ್ಟು ನೋಡಿದೆ. ಕೆಲವು ಶಾಲೆಗಳಲ್ಲಿ ಶೌಚಾಲಯವೂ ಮಕ್ಕಳ ಪಾಲಿಗೆ, ಕೆಲವು ಕಡೆ ಇಲ್ಲ. ಇನ್ನು 'ಅಲ್ಲಿ ಕೀಳು ಅಂದುಕೊಳ್ಳುವವರೇ ಇಲ್ಲ' ಅನ್ನುವ ನನ್ನ ಎರಡನೆಯ ವಾಕ್ಯದ ಗತಿ ಇನ್ನೂ ಕೆಟ್ಟದ್ದು. ಚರ್ಮದ ಕೆಲಸ, ಸತ್ತ ದನದ ಕೆಲಸ ಮಾಡುವವರನ್ನು ಊರ ಹೊರಗಿಟ್ಟ ಚರಿತ್ರೆ ಆ ದೇಶಕ್ಕೂ ಇದೆ. ಅವರ ಮೊಮ್ಮಕ್ಕಳ ಮದುವೆ ಮಾತುಕತೆಯಲ್ಲಿ ಅದು ಇವತ್ತಿಗೂ ತಲೆ ಎತ್ತುತ್ತದಂತೆ. ಇದನ್ನು ಓದಿದಾಗ ಜಪಾನು ನನಗೆ ಮೊದಲ ಬಾರಿ ಒಂದು ಊರಿನ ಹಾಗೆ ಕಂಡಿತು. ಅಲ್ಲಿಯವರೆಗೆ ಅದು ನನಗೊಂದು ಉದಾಹರಣೆ ಆಗಿತ್ತು.

ಗುಡಿಸುವವರ ವಿಷಯಕ್ಕೆ ಉತ್ತರ ಕೊಟ್ಟದ್ದು ಒಬ್ಬ ನಿವೃತ್ತ ಜಪಾನಿ ಶಿಕ್ಷಕಿ. ಸರ್ ಪರಿಚಯದವರ ಮೂಲಕ ಈಮೇಲ್ ಬರೆದಿದ್ದೆ. ಅವರು ತಮ್ಮ ಬಾಲ್ಯದ ಶಾಲೆಯ ಬಗ್ಗೆ ಬರೆದರು. ಗೇಟಿನ ಪಕ್ಕದಲ್ಲಿ ಒಂದು ಸಣ್ಣ ಖೋಲಿ, ಅದರಲ್ಲಿ ಒಬ್ಬ ಅಜ್ಜ. ಚಳಿಗಾಲದಲ್ಲಿ ಎಲ್ಲ ತರಗತಿಯ ಒಲೆ ಹೊತ್ತಿಸುವವನು ಅವನು. ಒಡೆದ ಕಿಟಕಿ, ಕಟ್ಟಿಕೊಂಡ ಚರಂಡಿ, ಹರಿದ ಚಪ್ಪಲಿಯ ಉಂಗುಟ ಎಲ್ಲ ಅವನೇ. ಅವನ ಖೋಲಿಯಲ್ಲಿ ಸದಾ ಒಂದು ಕಿಟಲಿ ಕುದಿಯುತ್ತಿತ್ತು, ಕೈ ಕಾಯಿಸಿಕೊಳ್ಳಲು ನಾವು ಹೋಗುತ್ತಿದ್ದೆವು ಅಂತ ಬರೆದಿದ್ದರು. ಅವನಂಥವರನ್ನು ಹಿಂದೆ ಚಿಲ್ಲರೆ ಕೆಲಸದವನು ಅನ್ನುವ ಅರ್ಥದ ಪದದಿಂದ ಕರೆಯುತ್ತಿದ್ದರು, ಅದು ಕೀಳು ಅಂತ ಆಮೇಲೆ ಪದ ಬದಲಾಯಿಸಿದರು. ಈಗಲೂ ಅನೇಕ ಶಾಲೆಗಳಲ್ಲಿ ಅಂಥ ಒಬ್ಬರಿರುತ್ತಾರೆ.

ಆ ಈಮೇಲ್ ಓದುವಾಗ ನನ್ನ ಕಣ್ಣಿಗೆ ಬಂದದ್ದು ಬೂದುಬಣ್ಣದ ಅಂಗಿ. ನಾನು ಅವನನ್ನು ಮೊದಲೇ ನೋಡಿದ್ದೆ.

ಮೌಶಿಯ ಬಗ್ಗೆ ಅಪ್ಪನನ್ನು ಕೇಳಿದೆ. ಅವನಿಗೆ ಗೊತ್ತಿತ್ತು, ಊರಿಗೇ ಗೊತ್ತಿತ್ತು. ನಾನು ಕೇಳಿರಲಿಲ್ಲ ಅಷ್ಟೇ. ಬೆಂಗೇರಿಯ ಒಂದು ಕಲ್ಯಾಣ ಮಂಟಪದಲ್ಲಿ ಮದುವೆ ಇದ್ದ ದಿವಸ ಪಾತ್ರೆ ತಿಕ್ಕುತ್ತಾಳೆ. ಮದುವೆ ಇಲ್ಲದ ದಿವಸ ಮನೆಯಲ್ಲಿರುತ್ತಾಳೆ. ಆಷಾಢದಲ್ಲಿ ಪೂರ್ತಿ ಮನೆಯಲ್ಲೇ. ಬೇರೆ ಶಾಲೆಗಳಲ್ಲಿ ಕೇಳಿ ನೋಡಿದಳಂತೆ. ಈ ವಯಸ್ಸಿನಾಕಿ ಬ್ಯಾಡ ಅಂದರಂತೆ.

"ಆ ಸಾಲಿ ಬಿಟ್ರ ಅಕಿಗೆ ಏನ್ ಐತಿ?" ಅಂದ ಅಪ್ಪ. "ಇಪ್ಪತ್ತೆರಡ ವರ್ಷ ಊರ ಹುಡುಗ್ರಿಗೆಲ್ಲಾ ಗಂಟಿ ಹೊಡದಾಕಿ. ಈಗ ಆ ಗಂಟಿ ಆದ್ರ ಅಕಿ ಮನಿತನಕ ಕೇಳ್ತೈತಿ. ಹೊರಗ ಬಂದು ನಿಂದ್ರತಾಳ."

ಮರುದಿನವೇ ಶಾಲೆಗೆ ಹೋದೆ. ತಪ್ಪು ವಾಕ್ಯದಿಂದ ಹೋದ ಕೆಲಸ ಸರಿ ವಾಕ್ಯದಿಂದ ತಿರುಗಿ ಬರಬೇಕು ಅನ್ನುವುದು ನನ್ನ ತರ್ಕವಾಗಿತ್ತು. ತಯಾರಿ ಮಾಡಿಕೊಂಡೇ ಹೋಗಿದ್ದೆ. ಪಡಸಾಲೆಯಲ್ಲಿ ನೀಲಿ ಜಾಕೀಟು ತೊಟ್ಟ ಇಬ್ಬರು ಹೆಂಗಸರು ನೆಲ ಒರೆಸುತ್ತಿದ್ದರು. ಮಕ್ಕಳು ಅವರನ್ನು ದಾಟಿಕೊಂಡು ಓಡುತ್ತಿದ್ದರು.

ದೊಡ್ಡಕ್ಕೋರು ಚಹಾ ತರಿಸಿದರು.

"ಮಕ್ಕಳು ಗುಡಸೂದಿಲ್ಲೇನ್ರಿ ಅಕ್ಕೋರ?"

"ಶನಿವಾರ ಗುಡಸ್ತಾರ. ಯಾರಾದ್ರೂ ನೋಡಲಿಕ್ಕೆ ಬರೂದಿದ್ರ." ಅವರು ಮುಚ್ಚುಮರೆ ಮಾಡಲಿಲ್ಲ. "ಸುರು ಮಾಡಿ ಎರಡ ವಾರ ಆಗೂದ್ರಾಗ ಪಾಲಕರು ಗುಂಪು ಕಟಗೊಂಡ ಬಂದ್ರು. ನಮ್ಮ ಹುಡುಗನ ಕೈಯಾಗ ಕಸಬರಗಿ ಯಾಕ ಅಂದ್ರು. ಆಮ್ಯಾಲ ಏನಾತು ಗೊತ್ತದೇನು? ಮನೆಪಾಠ ಮಾಡದವರು ಗುಡಿಸ್ಲಿ ಅಂತ ಮಾಸ್ತರು ಹೇಳಲಿಕ್ಕೆ ಸುರು ಮಾಡಿದ್ರು. ಗುಡಸೂದು ಶಿಕ್ಷಾ ಆತು. ಅದನ್ನ ನಾನ ನಿಲ್ಲಿಸಿದೆ. ಮಂಡಳಿಯವರು ಗುಡಸೂ ಕೆಲಸಾ ಏಜೆನ್ಸಿಗೆ ಕೊಟ್ರು."

"ಹಂಗಾದ್ರ ಮೌಶಿನ್ನ ಯಾಕ ತಿರುಗಿ ಕರೀಲಿಲ್ಲ?"

"ಶಾಲು ಹೊದಿಸಿ ಕಳಿಸಿದವರನ್ನ ಹೆಂಗ ಕರಿಯೂದು?"

ಆಗ ನಾನು ಜಪಾನಿನ ಅಜ್ಜನ ವಿಷಯ ಹೇಳಿದೆ. ಶಿಕ್ಷಕಿಯ ಈಮೇಲ್ ಓದಿದೆ. ಆ ಪದ್ಧತಿಯಲ್ಲೇ ಒಬ್ಬ ಕೆಲಸದವನಿಗೆ ಜಾಗ ಇದೆ, ಮೌಶಿಯನ್ನು ತೆಗೆದದ್ದು ಜಪಾನ್ ಪದ್ಧತಿಯೇ ಅಲ್ಲ, ಅದರ ವಿರುದ್ಧ, ಅಂತ ವಾದ ಹೂಡಿದೆ. ಚೆನ್ನಾಗಿಯೇ ಹೂಡಿದೆ. ಅವರು ಪೂರ್ತಿ ಕೇಳಿದರು.

"ಆವತ್ತ ಪರ. ಇವತ್ತ ವಿರೋಧ" ಅಂದರು. "ಎರಡೂ ಛಲೋ ಮಾತಾಡ್ತಿ ನೀ. ನಾ ಯಾವುದನ್ನ ನಂಬಬೇಕು?"

"ಇದು ಖರೇ ಐತ್ರಿ ಅಕ್ಕೋರ. ಆವತ್ತಿಂದು ನಾ ತಪಾಸ ಮಾಡಿರಲಿಲ್ಲ."

"ಆವತ್ತ ನೀ ಅದನ್ನ ನಂಬಿದ್ದಿ, ಹೌದಲ್ಲ?"

"ಚೀಟಿ ಬಂದಿತ್ತು."

"ಚೀಟಿ." ಅವರು ಆ ಪದವನ್ನು ಮೇಜಿನ ಮೇಲಿಟ್ಟ ಹಾಗೆ ಹೇಳಿದರು. "ಡಬ್ಬಿ ಹಿಡಕೊಂಡ ನಿಂತಾಕಿ ನಾನ ಅದೇನಿ, ಹೌದು. ಆದ್ರ ನೀ ಓದಿದಾಕಿ, ಧಾರವಾಡದಾಗ ಇರಾಕಿ, ತಿಳಕೊಂಡ ಹೇಳಾಕತ್ತಿ ಅಂತ ನಾ ತಿಳದೆ. ನಿನ್ನ ಮಾತು ನಂಬಿದ್ದು ನನ್ನ ತಪ್ಪೇನು?"

ಈ ಪ್ರಶ್ನೆಗೆ ನನ್ನ ಹತ್ತಿರ ಮರುವಾದ ಇತ್ತು. ಮಂಡಳಿಗೆ ಮೊದಲೇ ಮೌಶಿಯನ್ನು ಕಳಿಸುವ ಮನಸ್ಸಿರಬೇಕು, ನನ್ನ ವಾಕ್ಯ ಬರೀ ನೆಪ ಅಂತ ಹೇಳಬಹುದಿತ್ತು. ಅದು ನಿಜವೂ ಇರಬಹುದು. ಆದರೆ ಅದಕ್ಕೂ ನನ್ನ ಹತ್ತಿರ ಮೂಲ ಇರಲಿಲ್ಲ. ಮೂಲ ಇಲ್ಲದೆ ಮಾತಾಡಿದ್ದು ಒಂದು ಸಲಕ್ಕೆ ಸಾಕು ಅನ್ನಿಸಿತು.

ಆಮೇಲೆ ಅವರೇ ಹೇಳಿದರು. "ಏಜೆನ್ಸಿಯವರಿಗೆ ನಾ ಹೇಳ್ತೇನಿ. ಅವರ ಕಡಿಂದ ಬರೂದಾದ್ರ ಬರಲಿ. ಅರ್ಧಾ ದಿವಸದ ಕೆಲಸ. ನೀಲಿ ಜಾಕೀಟ ಹಾಕ್ಕೋಬೇಕು. ಯಾವ ಸಾಲಿಗೆ ಕಳಸ್ತಾರೋ ಅಲ್ಲಿಗೆ ಹೋಗಬೇಕಾಗ್ತದ, ನಮ್ಮಲ್ಲೇ ಅಂತ ಹೇಳಲಿಕ್ಕೆ ಬರೂದಿಲ್ಲ. ಕೇಳಿ ನೋಡು. ಸೋಮವಾರದೊಳಗ ಹೇಳಬೇಕು."

ಹೊರಗೆ ಬರುವಾಗ ಟಾಕಿಯ ಪಕ್ಕದಲ್ಲಿ ಫ್ಲೆಕ್ಸ್ ಇನ್ನೂ ಇತ್ತು. ಬಿಸಿಲಿಗೆ ಮಕ್ಕಳ ಮುಖಗಳು ಬೆಳ್ಳಗಾಗಿದ್ದವು. ನಾನು ಹತ್ತಿರ ಹೋಗಲಿಲ್ಲ.

ಕಲ್ಯಾಣ ಮಂಟಪದ ಹಿತ್ತಲಿಗೆ ಹೋದದ್ದು ಶುಕ್ರವಾರ ಮಧ್ಯಾಹ್ನ. ಮದುವೆಯ ಊಟ ಮುಗಿದಿತ್ತು. ನಾಲ್ಕು ಜನ ಕೂರಬಹುದಾದಷ್ಟು ದೊಡ್ಡ ಹಂಡೆಯನ್ನು ಅಡ್ಡ ಮಲಗಿಸಿ, ಮೌಶಿ ಅರ್ಧ ಮೈ ಅದರೊಳಗೆ ಹಾಕಿ ತಿಕ್ಕುತ್ತಿದ್ದಳು. ಕರೆದೆ. ಹೊರಗೆ ಬಂದಳು.

"ಯಾರದರ ಲಗ್ನಕ್ಕ ಬಂದೀಯೇನು?"

"ನಿಮ್ಮನ್ನ ಕಾಣಾಕ ಬಂದೇನಿ ಮೌಶಿ."

"ಹಂಗಾದ್ರ ಕುಂದ್ರು. ಊಟ ಆಗೇತಿ? ಭಾತ್ ಉಳದೈತಿ."

ಒಂದು ಬೋರಲು ಹಾಕಿದ ಬುಟ್ಟಿಯ ಮೇಲೆ ಕೂತೆ. ದೊಡ್ಡಕ್ಕೋರು ಹೇಳಿದ್ದನ್ನು ಒಂದಕ್ಷರ ಕೂಡಿಸದೆ, ಕಳೆಯದೆ ಹೇಳಿದೆ. ಏಜೆನ್ಸಿ, ಅರ್ಧ ದಿನ, ಜಾಕೀಟು, ಸೋಮವಾರ. ಅವಳು ಕೈಗೆ ಹತ್ತಿದ ಮಸಿಯನ್ನು ನೋಡಿಕೊಳ್ಳುತ್ತಿದ್ದಳು.

ಆಮೇಲೆ ಜಪಾನಿನ ಮಾತು ಹೇಳಿದೆ. ನಾನು ಆವತ್ತು ಹೇಳಿದ್ದು ತಪ್ಪು, ಅಲ್ಲಿಯ ಶಾಲೆಯಲ್ಲೂ ನಿಮ್ಮಂಥವರು ಇರುತ್ತಾರೆ ಅಂದೆ. ಅವಳ ಮುಖದಲ್ಲಿ ಸಿಟ್ಟು ಹುಡುಕಿದೆ. ಸಿಕ್ಕಿದ್ದು ಕುತೂಹಲ.

"ಗಂಡಸೋ ಹೆಂಗಸೋ?"

"ಅವರು ಬರದದ್ದು ಒಬ್ಬ ಅಜ್ಜನ ಬಗ್ಗೆ."

"ಇರಾಕ ಖೋಲಿ ಕೊಟ್ಟಿದ್ರೇನ ಅಂವಗ?"

"ಕೊಟ್ಟಿದ್ರು. ಗೇಟಿನ ಬಾಜೂಕ. ಅಲ್ಲಿ ಯಾವಾಗ್ಲೂ ಕಿಟಲಿ ಕುದೀತಿತ್ತಂತ. ಹುಡುಗ್ರು ಕೈ ಕಾಸ್ಕೊಳ್ಳಾಕ ಹೋಗ್ತಿದ್ರಂತ."

"ಹೋಗ್ತಾರ. ಹುಡುಗ್ರು ಎಲ್ಲಿ ಬೆಚ್ಚಗಿರ್ತೈತಿ ಅಲ್ಲಿ ಹೋಗ್ತಾವ." ಅವಳು ತಲೆ ಆಡಿಸಿದಳು. "ಹುಡುಗ್ರು ಗುಡಸೂ ಹೊತ್ತಿನ್ಯಾಗ ಅಂವ ಏನ್ ಮಾಡ್ತಿದ್ದ?"

"ಅವರ ಕೈಗೆ ಎಟಕಲಾರದ್ದು ಮಾಡ್ತಿದ್ದ."

"ಹ್ಞೂಂ. ಎಟಕಲಾರದ್ದು ಬಾಳ ಇರ್ತೈತಿ ಸಾಲ್ಯಾಗ."

ಎದ್ದು, ಟಾಕಿಯಿಂದ ಒಂದು ಚರಿಗೆ ನೀರು ತಂದು ಕೈ ತೊಳೆದುಕೊಂಡಳು. ಒರೆಸಿಕೊಂಡಳು. ನನ್ನ ಎದುರು ಕೂತಳು. ಎಂಟನೇ ಇಯತ್ತೆಯಲ್ಲಿ ಕೊನೆಯ ಬೆಂಚಿನ ಹತ್ತಿರ ನಿಂತು ನೋಡುತ್ತಿದ್ದಳಲ್ಲ, ಹಾಗೇ ನೋಡಿದಳು.

"ಏಜೆನ್ಸಿದು ಸೋಮವಾರದೊಳಗ ಹೇಳಬೇಕಂದಿ. ಹೇಳ್ತೇನಿ. ಬರಬೇಕೋ ಬ್ಯಾಡೋ ನನಗ ಇನ್ನಾ ತಿಳೀವಲ್ದು. ಅದಕ್ಕಿಂತ ಮದಲ ನಾ ಒಂದ್ ಕೇಳ್ತೇನಿ, ನೀ ಹೇಳು."

"ಕೇಳ್ರಿ."

"ಆ ಬ್ಯಾನರ್ ಹಚ್ಚಿದ ಮ್ಯಾಲ ನಾ ಒಂದ್ ವಾರ ಇದ್ನೆಲ್ಲ ಸಾಲ್ಯಾಗ. ಟಾಕಿ ನೀರ್ ಸಿಡದು ಅದು ದಿನಾ ಹೊಲಸ ಆಗ್ತಿತ್ತು. ನಾನ ಒರಸ್ತಿದ್ದೆ. ಬಲಕಿನ ಅಂಚಿನ್ಯಾಗ ಒಂದ್ ಬಕೀಟ್ ಐತಿ, ನೀ ನೋಡೀಯೋ ಇಲ್ಲೋ. ಬಕೀಟ್ ಹಿಡದ ನಾಕ್ ಬೆರಳ ಅದಾವ. ಹುಡುಗ್ರ ಬೆರಳ ಅಲ್ಲ ಅವು. ನೀರಾಗ ಇದ್ದು ಇದ್ದು ತೊಗಲು ಬಿಚ್ಚಿದ ಬೆರಳ. ಮಣಿಕಟ್ಟಿಗೆ ಕತ್ತರಿಸೇತಿ. ನೀ ಆವತ್ತ ಗುಡಸವ್ರ ಇಲ್ಲ ಅಂದಾಗ ನಾ ಗಂಟಿ ಹಿಡಕೊಂಡ ಅದನ್ನ ನೋಡಾಕತ್ತಿದ್ದೆ."

ಒಳಗೆ ಯಾರೋ ಕುರ್ಚಿಗಳನ್ನು ಒಂದರ ಮೇಲೊಂದು ಒಟ್ಟುತ್ತಿದ್ದರು. ಅದು ಮುಗಿಯುವತನಕ ಅವಳು ತಡೆದಳು. ಮಾತು ನುಂಗಲಿಕ್ಕೆ ಸಮಯ ಕೊಡುವುದು ಅವಳಿಗೆ ಗೊತ್ತು.

"ಅಂವನ್ನ ಕತ್ತರಿಸಿದ್ದು ನೀನೋ, ಬ್ಯಾನರ್ ಮಾಡಿದ ಅಂಗಡಿಯಾಂವನೋ?"